ಪ್ರಾಸ್ಟೇಟ್ ಬಯಾಪ್ಸಿ: ಸೋಂಕು ತಡೆಯಲು ಸಿಪ್ರೊಫ್ಲಾಕ್ಸಾಸಿನ್ ಒಂದೇ ಸಾಕೇ?

ಹಾಸನ_ಅಳಿಯ:
ಮಾವನವರಿಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. ಇನ್ನು ಹತ್ತು ದಿನಕ್ಕೆ ಗುದದ್ವಾರದ ಮೂಲಕ ಪ್ರಾಸ್ಟೇಟ್ ಗ್ರಂಥಿಯಿಂದ 12 ತುಣುಕು ತೆಗೆಯುವ ಬಯಾಪ್ಸಿ. ಆಂಟಿಬಯಾಟಿಕ್ ಆಗಿ ಸಿಪ್ರೊಫ್ಲಾಕ್ಸಾಸಿನ್ (ಸಿಪ್ರೊ) 500 ಬರೆದುಕೊಟ್ಟಿದ್ದಾರೆ. ಎರಡು ತಿಂಗಳ ಹಿಂದೆ ಭೇದಿಗೆ ನಾರ್‌ಫ್ಲಾಕ್ಸಾಸಿನ್ ತಗೊಂಡಿದ್ದರು. ಡಾಕ್ಟರ್ ಹತ್ತಿರ ಏನು ಕೇಳಬೇಕು?

ಮೂತ್ರಾಂಗ_ವೈದ್ಯ:
ನಾರ್‌ಫ್ಲಾಕ್ಸಾಸಿನ್ ವಿಷಯವನ್ನೇ ಮೊದಲು ಹೇಳಿ. ಅದೂ ಸಿಪ್ರೊ ಗುಂಪಿನದೇ. ಒಂದಕ್ಕೆ ಬಗ್ಗದ ಇ. ಕೋಲಿ (ಕರುಳಿನಲ್ಲಿರುವ ಬ್ಯಾಕ್ಟೀರಿಯಾ) ಸಾಮಾನ್ಯವಾಗಿ ಇನ್ನೊಂದಕ್ಕೂ ಬಗ್ಗುವುದಿಲ್ಲ. ಸೂಜಿ ಪ್ರತಿ ಸಲವೂ ಗುದನಾಳದ ಗೋಡೆ ದಾಟಿಯೇ ಗ್ರಂಥಿಗೆ ಹೋಗುತ್ತದೆ, ಜೊತೆಗೆ ಆ ಬ್ಯಾಕ್ಟೀರಿಯಾವೂ ಹೋಗುತ್ತದೆ. ನಮ್ಮ ದೇಶದಲ್ಲಿ ಇಂಥ ತಳಿ ಬಹಳ ಸಾಮಾನ್ಯ.

ವೃಷಣಕ್ಕೂ ಗುದದ್ವಾರಕ್ಕೂ ನಡುವಿನ ಚರ್ಮದ ಮೂಲಕ, ಅಂದರೆ ಟ್ರಾನ್ಸ್‌ಪೆರಿನಿಯಲ್ ವಿಧಾನದಲ್ಲಿ ಮಾಡಲು ಸಾಧ್ಯವೇ ಕೇಳಿ. ಸೂಜಿ ಕರುಳನ್ನು ಮುಟ್ಟುವುದೇ ಇಲ್ಲ, ಹಾಗಾಗಿ ರಕ್ತಕ್ಕೆ ಸೋಂಕು ಹರಡುವುದು ತೀರಾ ಅಪರೂಪ. ಸ್ಥಳೀಯ ಅರಿವಳಿಕೆಯಲ್ಲೂ ಆಗುತ್ತದೆ. ಸೌಲಭ್ಯ ಇದ್ದರೆ ನನ್ನ ಆಯ್ಕೆ ಇದೇ.

ಕಲ್ಚರ್_ಲ್ಯಾಬ್:
ಗುದದ್ವಾರದ ಮೂಲಕವೇ ಆಗುವುದಾದರೆ ಈಗಲೇ ರೆಕ್ಟಲ್ ಸ್ವ್ಯಾಬ್ (ಗುದನಾಳದಿಂದ ಹತ್ತಿ ಕಡ್ಡಿಯಲ್ಲಿ ತೆಗೆದ ಮಾದರಿ) ಕಳಿಸಿ. ವರದಿಗೆ ಎರಡು ಮೂರು ದಿನ ಬೇಕು. ಕಡ್ಡಿಗೆ ಮಲ ಅಂಟಿರುವುದು ಕಣ್ಣಿಗೆ ಕಾಣಬೇಕು. ಫಾರಂನಲ್ಲಿ ‘ಪ್ರಾಸ್ಟೇಟ್ ಬಯಾಪ್ಸಿಗೆ ಮುನ್ನ, ಸಿಪ್ರೊ ನಿರೋಧಕ ಇ. ಕೋಲಿ ಪರೀಕ್ಷೆ’ ಎಂದು ಬರೆಯದಿದ್ದರೆ ‘ಸಹಜ ಬ್ಯಾಕ್ಟೀರಿಯಾ’ ಅಂತ ವರದಿ ಬಂದು ಕೆಲಸಕ್ಕೆ ಬಾರದೆ ಹೋಗಬಹುದು. ಸಿಪ್ರೊ ಬೆರೆಸಿದ ಮ್ಯಾಕಾಂಕಿ ಅಗರ್ (ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮ) ಮೇಲೆ ಬೆಳೆಸಿದರೆ ನಿರೋಧಕ ತಳಿ ಮಾತ್ರ ಎದ್ದು ಕಾಣುತ್ತದೆ. ಮೂತ್ರದ ಕಲ್ಚರ್ ಕೂಡ ಮಾಡಿಸಿ. ಮೂತ್ರದಲ್ಲಿ ಸೋಂಕಿದ್ದರೆ ಅದು ವಾಸಿಯಾಗುವವರೆಗೆ ಬಯಾಪ್ಸಿ ಮುಂದಕ್ಕೆ ಹಾಕಬೇಕು.

ಹಾಸನ_ಅಳಿಯ:
ಸಿಪ್ರೊ ಬದಲು ಯಾವುದು?

ಮೂತ್ರಾಂಗ_ವೈದ್ಯ:
ಸ್ವ್ಯಾಬ್ ವರದಿ ನೋಡಿ ನಿಮ್ಮ ಡಾಕ್ಟರ್ ನಿರ್ಧರಿಸಬೇಕು. ಫಾಸ್ಫೊಮೈಸಿನ್ ಆದರೆ ಬಯಾಪ್ಸಿಗೆ ಮುನ್ನ 3 ಗ್ರಾಂ, ಆಮೇಲೆ 24–48 ಗಂಟೆಯೊಳಗೆ ಮತ್ತೆ 3 ಗ್ರಾಂ ಕೊಡುವ ಕ್ರಮವಿದೆ. ಅಮಿಕಾಸಿನ್ ಇಂಜೆಕ್ಷನ್ ಆದರೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತ ಪರೀಕ್ಷೆ) ನೋಡದೆ ಕೊಡಬಾರದು. ಸಕ್ಕರೆ ಕಾಯಿಲೆಯವರ ಕಿಡ್ನಿ ಮೊದಲೇ ಬಳಲಿರಬಹುದು.

ಓಟಿ_ಸಿಸ್ಟರ್:
ಔಷಧಿಯಷ್ಟೇ ಮುಖ್ಯ ಪೊವಿಡೋನ್ ಅಯೋಡಿನ್ ಎಂಬ ಸೋಂಕುನಾಶಕ ದ್ರಾವಣ. ಸೂಜಿ ಹಾಕುವ ಮುನ್ನ ಅದರಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಗುದನಾಳದ ಒಳಗೋಡೆ ಒರೆಸಿ ಕೆಲವು ನಿಮಿಷ ಬಿಡಬೇಕು. ಅಯೋಡಿನ್ ಅಲರ್ಜಿ ಇದ್ದರೆ ಮೊದಲೇ ತಿಳಿಸಿ. ಬರೀ ಎನಿಮಾ ಕೊಟ್ಟರೆ ಸೋಂಕು ತಪ್ಪುವುದಿಲ್ಲ.

ಮನೆಗೆ ಬಂದ ಮೇಲೆ ಮೂತ್ರದಲ್ಲಿ ಕೆಲವು ದಿನ, ವೀರ್ಯದಲ್ಲಿ ಕೆಲವು ವಾರ ಸ್ವಲ್ಪ ರಕ್ತ ಕಂಡರೆ ಗಾಬರಿ ಬೇಡ. ಆದರೆ 100.4 ಡಿಗ್ರಿ ಜ್ವರ, ನಡುಕದ ಚಳಿ ಅಥವಾ ಮೂತ್ರ ಕಟ್ಟುವುದು ಕಂಡರೆ ರಾತ್ರಿಯಾದರೂ ಎಮರ್ಜೆನ್ಸಿಗೆ ಹೋಗಿ. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಬೇಡಿ. ಬಯಾಪ್ಸಿ ಚೀಟಿ, ಸ್ವ್ಯಾಬ್ ವರದಿ ಎರಡನ್ನೂ ತೋರಿಸಿ, ಯಾವ ಆಂಟಿಬಯಾಟಿಕ್ ಕೊಟ್ಟಿದ್ದರು ಎಂದೂ ಹೇಳಿ. ಆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಜ್ವರ ಬಂದಿರುವ ಸಾಧ್ಯತೆ ಹೆಚ್ಚು, ಹಾಗಾಗಿ ಅಲ್ಲಿ ಬೇರೆ ಗುಂಪಿನ ಔಷಧಿ ಶುರುಮಾಡುತ್ತಾರೆ.