ಘಾಟಿ ಇಳಿಯುವಾಗ ಪೆಡಲ್ ತಳಕ್ಕೆ ಹೋದದ್ದು ಯಾಕೆ? ಹಳೆ ಎಂಜಿಬಿಯ ಬ್ರೇಕ್ ಮತ್ತು 70,000ದ ಬಿಲ್ಲು

ಪ್ರಶ್ನೆ, ನೀರ್ಚಾಲಿನಿಂದ:

ಅಣ್ಣ, ನಮಸ್ಕಾರ. ನನ್ನ ಹತ್ತಿರ 1966ರ ಎಂಜಿಬಿ ಉಂಟು, ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು, ಮಡಚುವ ಟಾಪಿನದ್ದು. ಕೊಡಗಿನ ಒಂದು ಎಸ್ಟೇಟಿನ ಶೆಡ್ಡಿನಲ್ಲಿ ಬಹಳ ಕಾಲ ನಿಂತಿತ್ತು, ಅಲ್ಲಿಂದ ತಂದದ್ದು. ಮೊನ್ನೆ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಬರುವಾಗ ಬ್ರೇಕ್ ಪೆಡಲ್ ಒಮ್ಮೆಲೇ ಮೆತ್ತಗಾಗಿ ತಳಕ್ಕೆ ಹೋಯಿತು. ನಾಲ್ಕೈದು ಸಲ ಪಂಪ್ ಮಾಡಿದ ಮೇಲೆ ಸ್ವಲ್ಪ ಹಿಡಿಯಿತು, ಹ್ಯಾಂಡ್‌ಬ್ರೇಕ್ ಎಳೆದು ಬದಿಗೆ ನಿಲ್ಲಿಸಿದೆ. ಚಹಾ ಕುಡಿದು ಬಂದು ನೋಡಿದರೆ ಪೆಡಲ್ ಮೊದಲಿನಷ್ಟೇ ಗಟ್ಟಿ! ಊರಿನ ಒಂದು ಗ್ಯಾರೇಜಿನವರು ಎಲ್ಲೂ ಲೀಕ್ ಇಲ್ಲ, ಎಂತದೂ ತೊಂದರೆ ಇಲ್ಲ ಅಂದರು. ಇನ್ನೊಬ್ಬರು ಇಡೀ ಬ್ರೇಕ್ ಬಿಚ್ಚಬೇಕು, 70,000 ಆಗುತ್ತದೆ ಅಂದರು. ಯಾರನ್ನು ನಂಬುವುದು?

ಉತ್ತರ:

ಎರಡನೆಯವರನ್ನು. ದುಡ್ಡಿನ ಮಾತು ಆಮೇಲೆ. ಮೊದಲು ಒಂದು ವಿಷಯ: ಆ ಕಾರನ್ನು ಇನ್ನು ಶೆಡ್ಡಿನಿಂದ ಹೊರಗೆ ತೆಗೆಯಬೇಡಿ. ಗ್ಯಾರೇಜಿಗೆ ಕೂಡ ಓಡಿಸಿಕೊಂಡು ಹೋಗುವುದು ಬೇಡ, ರಿಕವರಿ ವ್ಯಾನಿನಲ್ಲಿ ಹಾಕಿಸಿ.

ನಿಮಗೆ ಆದದ್ದು ಬ್ರೇಕ್ ಆಯಿಲ್ ಕುದಿದದ್ದು. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತದೆ. ಡಾಟ್ 4 ಅಂತ ಬರೆದಿರುವ ದರ್ಜೆಯ ಆಯಿಲ್ ಹೊಸತಿರುವಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ, ನೀರು ಸೇರಿದ ಮೇಲೆ ಅದೇ ಆಯಿಲಿಗೆ 155 ಡಿಗ್ರಿ ಸಾಕು. ಡಾಟ್ 3 ಆದರೆ 205 ಇದ್ದದ್ದು 140ಕ್ಕೆ ಇಳಿಯುತ್ತದೆ. ಎಸ್ಟೇಟಿನ ತೇವದಲ್ಲಿ ವರ್ಷಗಟ್ಟಲೆ ನಿಂತ ಕಾರು, ಮೇಲಿಂದ ನಮ್ಮ ಕರಾವಳಿಯ ಮಳೆಗಾಲ. ಅದರಲ್ಲಿ ಎಷ್ಟು ನೀರಿದ್ದೀತು ನೀವೇ ಊಹಿಸಿ. ಘಾಟಿಯಲ್ಲಿ ಡಿಸ್ಕ್ ಕಾದಾಗ ಕ್ಯಾಲಿಪರಿನೊಳಗಿನ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಆಯಿಲ್ ಆವಿಯಾಯಿತು. ಪೆಡಲ್ ಒತ್ತಿದರೆ ಆವಿ ಕುಗ್ಗುತ್ತದೆಯೇ ಹೊರತು ಒತ್ತಡ ಪ್ಯಾಡಿಗೆ ಹೋಗುವುದಿಲ್ಲ. ತಣಿದ ಮೇಲೆ ಆವಿ ಪುನಃ ದ್ರವವಾಗಿ ಪೆಡಲ್ ಗಟ್ಟಿಯಾಯಿತು. ಅದಕ್ಕೇ ಗ್ಯಾರೇಜಿನವರಿಗೆ ಎಂತದೂ ಕಾಣಿಸಲಿಲ್ಲ.

ನಿಮ್ಮ ಕಾರಿಗೆ ಇನ್ನೊಂದು ಅಪಾಯ ಉಂಟು. 1966ರ ಎಂಜಿಬಿಗೆ ಬ್ರೇಕಿನ ಸರ್ಕಿಟ್ ಒಂದೇ. ಮುಂದಿನ ಎರಡು ಡಿಸ್ಕ್, ಹಿಂದಿನ ಎರಡು ಡ್ರಮ್, ನಾಲ್ಕಕ್ಕೂ ಒಂದೇ ಮಾಸ್ಟರ್ ಸಿಲಿಂಡರಿನಿಂದ (ಪೆಡಲ್ ಒತ್ತಿದಾಗ ಆಯಿಲನ್ನು ದೂಡುವ ಪಂಪ್) ಆಯಿಲ್. ಈಗಿನ ಕಾರುಗಳಲ್ಲಿ ಒಂದು ಕಡೆ ಹೋದರೆ ಇನ್ನೊಂದು ಕಡೆ ಹಿಡಿಯುತ್ತದೆ. ಇದರಲ್ಲಿ ಆಯಿಲ್ ಹೋಗುವ ಒಂದು ರಬ್ಬರ್ ಹೋಸ್ ಒಡೆದರೆ ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ, ಅದೂ ಹಿಂದಿನ ಡ್ರಮ್ಮಿಗೆ ಕೇಬಲಿನಲ್ಲಿ ಹೋಗುವುದು. ಆದ್ದರಿಂದ ‘ಆಯಿಲ್ ಮಾತ್ರ ಬದಲಿಸಿ ಕೊಡಿ’ ಅಂತ ಬಂದರೆ ನಾನು ಕೆಲಸಕ್ಕೆ ಕೈ ಹಾಕುವುದಿಲ್ಲ.

ಆಯಿಲಿನಲ್ಲಿ ನೀರಿದ್ದರೂ ಅಷ್ಟು ಕಾಯಬೇಕಾದರೆ ಯಾವುದೋ ಚಕ್ರದಲ್ಲಿ ಬ್ರೇಕ್ ಪೂರ್ತಿ ಬಿಡುತ್ತಿಲ್ಲ ಅಂತ ನನಗೆ ಸಂಶಯ. ಅದನ್ನು ನೋಡುವ ಕ್ರಮ ಹೀಗೆ. ಮುಂದಿನ ಚಕ್ರ ಜಾಕಿನಲ್ಲಿ ಎತ್ತಿ, ಪೆಡಲ್ ಒತ್ತಿ ಬಿಟ್ಟು ಚಕ್ರ ತಿರುಗಿಸಬೇಕು. ಬಿಗಿ ಇದ್ದರೆ ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ (ಏರ್, ಆಯಿಲ್ ಹೊರಗೆ ಬಿಡುವ ಸಣ್ಣ ಸ್ಕ್ರೂ) ಸ್ವಲ್ಪ ಸಡಿಲಿಸಬೇಕು. ನಿಪ್ಪಲ್ ಬಿಚ್ಚಿದರೂ ಚಕ್ರ ಬಿಗಿಯೇ ಇದ್ದರೆ ಪಿಸ್ಟನ್ ತುಕ್ಕು ಹಿಡಿದು ಜಾಮ್ ಆಗಿದೆ. ಬಿಚ್ಚಿದ ಕೂಡಲೇ ಚಕ್ರ ಬಿಟ್ಟರೆ ಒತ್ತಡ ಮೇಲೆಲ್ಲೋ ಸಿಕ್ಕಿಕೊಂಡಿದೆ: ಒಂದೋ ರಬ್ಬರ್ ಹೋಸ್ ಒಳಗೆ ಉಬ್ಬಿ ದಾರಿ ಮುಚ್ಚಿದೆ, ಅಲ್ಲವೇ ಮಾಸ್ಟರ್ ಸಿಲಿಂಡರಿನ ಪುಶ್‌ರಾಡಿಗೆ (ಪೆಡಲಿನಿಂದ ಬರುವ ಕಂಬಿ) ಸ್ವಲ್ಪವೂ ಸಡಿಲ ಇಲ್ಲದೆ ಆಯಿಲ್ ಹಿಂದೆ ಹೋಗುವ ತೂತು ಮುಚ್ಚಿಕೊಂಡಿದೆ. ಹೋಸಿನ ಮೇಲ್ಗಡೆಯ ಯೂನಿಯನ್ (ಪೈಪ್ ಸೇರಿಸುವ ನಟ್ಟು) ಸಡಿಲಿಸಿದಾಗ ಬ್ರೇಕ್ ಬಿಟ್ಟರೆ ತಪ್ಪು ಹೋಸಿನದ್ದಲ್ಲ, ಮಾಸ್ಟರಿನದ್ದು. ಹೋಸ್ ಹೊರಗಿನಿಂದ ನೋಡುವಾಗ ಚಂದವೇ ಇರುತ್ತದೆ, ಅದನ್ನು ಕಣ್ಣಿನಲ್ಲಿ ನೋಡಿ ಪಾಸ್ ಮಾಡುವ ಮೆಕ್ಯಾನಿಕ್ ಬೇಡ.

ಪ್ರಶ್ನೆ, ನೀರ್ಚಾಲಿನಿಂದ ಪುನಃ:

ಅರ್ಥವಾಯಿತು ಅಣ್ಣ. ಆದರೆ 70,000 ಅಂದರೆ ಮನೆಯಲ್ಲಿ ಹೇಳುವ ಹಾಗಿಲ್ಲ. ಅದರಲ್ಲಿ ಕೂಲಿಯೇ 20,000 ಅಂತ ಬರೆದಿದ್ದಾರೆ. ಆಲ್ಟೊದ ನಾಲ್ಕೂ ಚಕ್ರದ ಬ್ರೇಕ್ ಮಾಡಿಸಿದರೂ ಕೂಲಿ ಇಷ್ಟಾಗುವುದಿಲ್ಲವಲ್ಲ?

ಉತ್ತರ:

ಆಲ್ಟೊದಲ್ಲಿ ಬೋಲ್ಟ್ ಬಿಚ್ಚಿದರೆ ಬಿಚ್ಚುತ್ತದೆ ಮಾರಾಯ್ರೇ! ಇದರಲ್ಲಿ ಒಂದು ಬ್ಲೀಡ್ ನಿಪ್ಪಲ್ ತುಂಡಾಗದೆ ಬರಲಿಕ್ಕೆ ಅರ್ಧ ದಿನ ಹೋದರೂ ಹೋಯಿತು. ಹಿಂದಿನ ದಿನವೇ ತುಕ್ಕು ಬಿಡಿಸುವ ಆಯಿಲ್ ಹೊಡೆದಿಡಬೇಕು, ಕಾಯಿಸಬೇಕು, ತಣಿಸಬೇಕು, ಪುನಃ ಹೊಡೆಯಬೇಕು. 20,000 ಹೆಚ್ಚಲ್ಲ. ಬಿಚ್ಚುವುದು, ಕ್ಯಾಲಿಪರ್ ಎರಡು, ಹಿಂದಿನ ವೀಲ್ ಸಿಲಿಂಡರ್ ಎರಡು, ಮಾಸ್ಟರ್ ಒಂದು ತೊಳೆದು ಹೊಸ ರಬ್ಬರ್ ಸೀಲಿನ ಕಿಟ್ ಹಾಕುವುದು, ಪೈಪ್ ಹೊಸತಾಗಿ ಬಗ್ಗಿಸಿ ತುದಿ ಮಾಡುವುದು, ಏರ್ ತೆಗೆಯುವುದು, ಎರಡು ಸಲ ಟ್ರಯಲ್, ಇಷ್ಟೂ ಅದರಲ್ಲಿ ಬರುವುದಾದರೆ ನಾನೂ ಅಷ್ಟೇ ಹೇಳುತ್ತೇನೆ. ಬರೇ ಡಿಸ್ಕಿನ ಪ್ಯಾಡ್, ಡ್ರಮ್ಮಿನ ಶೂ, ಕಿಟ್ ಹಾಕಲಿಕ್ಕೆ 20,000 ಕೇಳಿದ್ದಾದರೆ ಜಾಸ್ತಿಯಾಯಿತು. ಏನೇನು ಸೇರಿದೆ ಅಂತ ಕಾಗದದಲ್ಲಿ ಬರೆಸಿಕೊಳ್ಳಿ.

ಇನ್ನು ಸಾಮಾನು. ಎಂಜಿಬಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಮಿಕ್ಕಿ ಆದ ಕಾರು. ಇಂಗ್ಲೆಂಡಿನಲ್ಲಿ ಇವತ್ತಿಗೂ ಇದರ ಬ್ರೇಕ್ ಸಾಮಾನು ಹೊಸತು ಸಿಗುತ್ತದೆ. ಇಡೀ ಬಾಡಿ ಶೆಲ್ಲನ್ನೇ 1988ರಿಂದ ಹೊಸತಾಗಿ ಮಾಡಿ ಮಾರುತ್ತಿದ್ದಾರೆ ಅಂದರೆ ನೋಡಿ. ಹಾಗಾಗಿ ಸಾಮಾನಿನ ಬೆಲೆ ಹೆದರುವಷ್ಟಿಲ್ಲ, ಹೆದರಬೇಕಾದದ್ದು ಕೊರಿಯರಿಗೆ ಮತ್ತು ಕಸ್ಟಮ್ಸಿಗೆ. ಇವತ್ತು ಹೋಸ್, ಬರುವ ತಿಂಗಳು ಕಿಟ್, ಆಮೇಲೆ ಪ್ಯಾಡ್ ಅಂತ ಬಿಡಿಬಿಡಿಯಾಗಿ ತರಿಸುವವರೇ ಹೆಚ್ಚು ಕೊಡುವುದು. ಒಮ್ಮೆ ಬಿಚ್ಚಿ ನೋಡಿ, ಪಟ್ಟಿ ಮಾಡಿ, ಒಂದೇ ಪಾರ್ಸೆಲಿನಲ್ಲಿ ತರಿಸಿ. ಹೋಸ್ ಮೂರು ಬೇಕು: ಮುಂದೆ ಎರಡು, ಹಿಂದಿನ ಆ್ಯಕ್ಸಲಿಗೆ ಒಂದು. ಮೂರೂ ಬದಲಿಸಿ. ಅದರಲ್ಲಿ ಉಳಿಸಲಿಕ್ಕೆ ಹೋಗಬೇಡಿ.

ಉಳಿಸಬಹುದಾದ ಕಡೆ ಹೇಳುತ್ತೇನೆ. ಹಿಂದಿನ ಶೂ ಹೊರಗಿನಿಂದ ತರಿಸುವುದು ಬೇಡ. ಮಂಗಳೂರಿನಲ್ಲಿ ಲೈನರ್ (ಡ್ರಮ್ಮಿಗೆ ಉಜ್ಜುವ ಪಟ್ಟಿ) ಹೊಡೆದು ಕೊಡುವವರಿದ್ದಾರೆ, ನಿಮ್ಮದೇ ಶೂಗೆ ಹೊಸ ಲೈನರ್ ಹಾಕಿಸಿ. ಡ್ರಮ್ ಅಂಡಾಕಾರವಾಗಿದ್ದರೆ ಲೇತಿಗೆ ಹಾಕಿದರೆ ಸಾಕು. ಕ್ಯಾಲಿಪರ್ ಹೊಸತು ಬೇಡ, ಸೀಲ್ ಕಿಟ್, ಬೇಕಾದರೆ ಸ್ಟೀಲ್ ಪಿಸ್ಟನ್, ಇಷ್ಟು ಸಾಕು. ಆದರೆ ಕ್ಯಾಲಿಪರಿನ ಎರಡು ಭಾಗ ಬೇರೆ ಮಾಡಲಿಕ್ಕೆ ಬಿಡಬೇಡಿ, ಹಾಗೆ ಮಾಡಬಾರದು ಅಂತ ವರ್ಕ್‌ಶಾಪ್ ಮ್ಯಾನ್ಯುಯಲೇ ಹೇಳುತ್ತದೆ, ಮಾಡುವ ಅಗತ್ಯವೂ ಇಲ್ಲ.

ಪ್ರಶ್ನೆ, ಮುಳ್ಳೇರಿಯದ ಒಬ್ಬರು:

ಇದೇ ವಿಷಯಕ್ಕೆ ಸೇರಿಸಿ ಕೇಳುವುದು. ಎಂಜಿಬಿ ಮತ್ತು ಅಂಬಾಸಿಡರ್ ಒಂದೇ ಕಂಪೆನಿಯ ಮೂಲ ಅಲ್ಲವಾ? ಅಂಬಾಸಿಡರಿನ ಬ್ರೇಕ್ ಸಾಮಾನು ಹಾಕಿದರೆ ಆಗುವುದಿಲ್ಲವಾ?

ಉತ್ತರ:

ಮಾಷ್ಟ್ರೇ, ಸಂಬಂಧ ಇರುವುದು ಎಂಜಿನಿನಲ್ಲಿ. ಅಂಬಾಸಿಡರಿಗೆ ಬಂದ 1489 ಸಿಸಿಯ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್) ಎಂಜಿನೂ ಎಂಜಿಬಿಯ 1798 ಸಿಸಿಯದ್ದೂ ಒಂದೇ ಬಿ ಸೀರೀಸ್ ಮನೆತನ. ಬ್ರೇಕಿಗೆ ಆ ನೆಂಟಸ್ತಿಕೆ ಹಿಡಿದುಕೊಂಡು ಹೋಗಬೇಡಿ. ಅಂಬಾಸಿಡರಿನಿಂದ ನಿಮಗೆ ಬೇಕಾದದ್ದು ಸಾಮಾನಲ್ಲ, ಅದರ ಮೆಕ್ಯಾನಿಕ್. ಕಾಸರಗೋಡು, ಪುತ್ತೂರು ಕಡೆ ಟ್ಯಾಕ್ಸಿ ಅಂಬಾಸಿಡರ್ ರಿಪೇರಿ ಮಾಡಿ ಕೈ ಪಳಗಿದ ಹಿರಿಯರು ಇನ್ನೂ ಇದ್ದಾರೆ. ಅವರ ಹತ್ತಿರ ಇಂಚಿನ ಸ್ಪ್ಯಾನರ್ ಸೆಟ್ ಉಂಟು, ಇಂಚಿನ ಥ್ರೆಡ್ ಅಂದರೆ ಎಂತದು ಅಂತ ಗೊತ್ತುಂಟು.

ಇದು ಸಣ್ಣ ವಿಷಯ ಅಲ್ಲ. ಎಂಜಿಬಿಯ ಬ್ರೇಕ್ ಪೈಪಿನ ಯೂನಿಯನ್ 3/8 ಇಂಚಿನ ಯುಎನ್‌ಎಫ್ ಥ್ರೆಡ್, ಅಂದರೆ ಒಂಬತ್ತೂವರೆ ಮಿಲಿಮೀಟರ್ ಚಿಲ್ಲರೆ. ಈಗಿನ ಕಾರಿನದ್ದು 10 ಮಿಲಿಮೀಟರಿನ ಮೆಟ್ರಿಕ್. ನೋಡುವಾಗ ಎರಡೂ ಒಂದೇ ಹಾಗೆ. ಮೆಟ್ರಿಕಿನದ್ದನ್ನು ಇದಕ್ಕೆ ಬಲವಂತದಲ್ಲಿ ತುರುಕಿದರೆ ನಾಲ್ಕು ಸುತ್ತು ಹೋಗಿ ಬಿಗಿಯಾದ ಹಾಗೆ ಕಾಣುತ್ತದೆ. ಒಳಗೆ ಥ್ರೆಡ್ ಕಿತ್ತು ಹೋಗಿರುತ್ತದೆ, ಗಟ್ಟಿಯಾಗಿ ಬ್ರೇಕ್ ಒತ್ತಿದ ದಿನ ಅದು ಕಳಚುತ್ತದೆ. ‘ಮಾರುತಿಯದ್ದು ಅಡ್ಜಸ್ಟ್ ಮಾಡಿ ಹಾಕಿದ್ದೇನೆ’ ಅಂತ ಯಾರಾದರೂ ಹೇಳಿದರೆ ಕಾರು ಅಲ್ಲಿಂದ ತಗೊಂಡು ಬನ್ನಿ.

ಹಾಗೆಯೇ ಪೈಪ್. ಫ್ರಿಜ್ಜಿಗೆ, ಎಸಿಗೆ ಹಾಕುವ ತಾಮ್ರದ ಪೈಪನ್ನು ಬ್ರೇಕಿಗೆ ಹಾಕಿದ್ದನ್ನು ನಾನು ನೋಡಿದ್ದೇನೆ. ಬರೇ ತಾಮ್ರ ಅದುರಿ ಅದುರಿ ಗಡಸಾಗಿ ಬಿರುಕು ಬಿಡುತ್ತದೆ. ತಾಮ್ರ ನಿಕ್ಕಲ್ ಮಿಶ್ರಲೋಹದ್ದು ಬ್ರೇಕಿಗೆಂದೇ ಸಿಗುತ್ತದೆ, ಉಪ್ಪುಗಾಳಿಗೆ ತುಕ್ಕೂ ಹಿಡಿಯುವುದಿಲ್ಲ. ಕುಂಬಳೆ, ಉಪ್ಪಳ, ಬೇಕಲ ಅಂತ ಕಡಲ ಬದಿಯಲ್ಲಿರುವವರಿಗೆ ಇದೇ ಸರಿ.

ಪ್ರಶ್ನೆ, ಬದಿಯಡ್ಕದ ಓದುಗರು:

ನಮಸ್ತೆ. ಅಪ್ಪನ ಕಾಲದ ಎಂಜಿ ಮಿಜೆಟ್ ನಮ್ಮಲ್ಲುಂಟು. ವರ್ಷದಲ್ಲಿ ನಾಲ್ಕೈದು ತಿಂಗಳು ನಿಂತೇ ಇರುತ್ತದೆ. ಸಿಲಿಕಾನ್ ಬ್ರೇಕ್ ಆಯಿಲ್ ಹಾಕಿದರೆ ನೀರು ಎಳೆಯುವುದಿಲ್ಲ, ಆಯಿಲ್ ಬದಲಿಸುವ ಕೆಲಸವೇ ಇಲ್ಲ ಅಂತ ತಮ್ಮ ಹೇಳುತ್ತಾನೆ. ಹಾಕಬಹುದಾ? ಇನ್ನೊಂದು, ಪ್ರತಿ ಮಳೆಗಾಲ ಕಳೆದ ಮೇಲೆ ಹಿಂದಿನ ಚಕ್ರ ತಿರುಗುವುದೇ ಇಲ್ಲ, ತಳ್ಳಿದರೂ ಕದಲುವುದಿಲ್ಲ.

ಉತ್ತರ:

ಅಕ್ಕ, ಎರಡನೆಯದಕ್ಕೆ ಮೊದಲು ಹೇಳುತ್ತೇನೆ, ಅದಕ್ಕೆ ಖರ್ಚೇ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದಿಟ್ಟು ಮಳೆಗಾಲ ಕಳೆದರೆ ಶೂ ಡ್ರಮ್ಮಿಗೆ ಹಿಡಿದುಕೊಳ್ಳುತ್ತದೆ. ಇಡುವಾಗ ಹ್ಯಾಂಡ್‌ಬ್ರೇಕ್ ಬಿಟ್ಟು, ಗೇರಿನಲ್ಲಿಟ್ಟು, ಚಕ್ರಕ್ಕೆ ಮರದ ತುಂಡು ಕೊಡಿ. ಈಗ ಹಿಡಿದುಕೊಂಡದ್ದನ್ನು ಬಿಡಿಸಲಿಕ್ಕೆ ಕಾರನ್ನು ಜೀಪಿಗೆ ಕಟ್ಟಿ ಎಳೆಸಬೇಡಿ, ಲೈನರ್ ಕಿತ್ತು ಬರುತ್ತದೆ. ಅಡ್ಜಸ್ಟರ್ ಪೂರ್ತಿ ಸಡಿಲಿಸಿ, ಡ್ರಮ್ಮಿನ ಸುತ್ತ ಮರದ ಸುತ್ತಿಗೆಯಲ್ಲಿ ತಟ್ಟಿದರೆ ಬಿಡುತ್ತದೆ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಲಿಕ್ಕೆ ಯಾರನ್ನೂ ಬಿಡಬೇಡಿ. ಆ ಕಾಲದ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬಿಸಾಡಬೇಕು.

ಸಿಲಿಕಾನ್, ಅಂದರೆ ಡಾಟ್ 5. ತಮ್ಮ ಹೇಳಿದ್ದು ಅರ್ಧ ಸರಿ. ಅದು ನೀರು ಎಳೆಯುವುದಿಲ್ಲ, ಪೈಂಟಿಗೆ ಬಿದ್ದರೂ ಹಾಳು ಮಾಡುವುದಿಲ್ಲ. ಆದರೆ ಹೇಗೋ ಒಳಗೆ ಹೋದ ನೀರು ಆಯಿಲಿನಲ್ಲಿ ಕರಗದೆ ತಗ್ಗಿನ ಜಾಗದಲ್ಲಿ ಹನಿಯಾಗಿ ನಿಂತು ಅಲ್ಲೇ ತುಕ್ಕು ಹಿಡಿಸುತ್ತದೆ. ಹಳೆಯ ಆಯಿಲಿನ ಜೊತೆ ಅದು ಸೇರುವುದಿಲ್ಲ, ಹಾಕುವುದಾದರೆ ಎಲ್ಲ ಬಿಚ್ಚಿ ತೊಳೆದು ಹೊಸ ರಬ್ಬರ್ ಹಾಕಿದ ಮೇಲೆಯೇ ಹಾಕಬೇಕು. ಆಯಿಲಿನ ಒತ್ತಡದಲ್ಲಿ ಕೆಲಸ ಮಾಡುವ ಹಳೆಯ ನಮೂನೆಯ ಬ್ರೇಕ್ ಲೈಟ್ ಸ್ವಿಚ್ಚುಗಳೂ ಸಿಲಿಕಾನಿನಲ್ಲಿ ಬೇಗ ಕೈಕೊಡುತ್ತವೆ. ನೀವು ಬ್ರೇಕ್ ಹಿಡಿದದ್ದು ಹಿಂದಿನವನಿಗೆ ಗೊತ್ತಾಗುವುದಿಲ್ಲ. ನನ್ನ ಮಾತು ಕೇಳುವುದಾದರೆ ಡಾಟ್ 4 ಹಾಕಿ, ದೀಪಾವಳಿ ಕಳೆದ ಮೇಲೆ ವರ್ಷಕ್ಕೊಮ್ಮೆ ಬದಲಿಸಿ. ಮಳೆಗಾಲಕ್ಕೆ ಮೊದಲು ಬದಲಿಸುವವರಿದ್ದಾರೆ. ಹೊಸ ಆಯಿಲಿಗೆ ಮಳೆಗಾಲದ ತೇವ ಕುಡಿಸಿ ಆಮೇಲೆ ಅದರಲ್ಲೇ ಓಡಿಸುವುದು ಯಾವ ಲೆಕ್ಕ! ಸೀಲು ಮುರಿದ ಬಾಟಲಿ ಕಪಾಟಿನಲ್ಲಿಟ್ಟು ಬರುವ ವರ್ಷ ಹಾಕುವುದೂ ಬೇಡ.

ಪ್ರಶ್ನೆ, ಹೊಸೂರಿನಿಂದ:

ಸಾರ್, ನಮ್ಮದು ಸ್ಟ್ಯಾಂಡರ್ಡ್ ಹೆರಾಲ್ಡ್, ಮದ್ರಾಸಿನಲ್ಲಿ ಆದ ಗಾಡಿ. ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರಿಗೂ ಇದೇ ಚಾಸಿ ಮೂಲ ಅಂತಾರೆ. ಮುಂದಿನ ಡ್ರಮ್ ತೆಗೆದು ಸ್ಪಿಟ್‌ಫೈರಿನ ಡಿಸ್ಕ್ ಹಾಕಿಸಬಹುದಾ?

ಉತ್ತರ:

ಮೂಲ ಒಂದೇ, ನಿಜ. ಇಂಗ್ಲೆಂಡಿನಲ್ಲಿ ಹೆರಾಲ್ಡಿಗೆ ಡಿಸ್ಕ್ ಹಾಕಿಕೊಂಡವರು ಬೇಕಾದಷ್ಟು ಜನ. ಆದರೆ ಡಿಸ್ಕ್ ಒಂದನ್ನೇ ತಂದರೆ ಆಗುವುದಿಲ್ಲ. ಹಬ್, ಬ್ರಾಕೆಟ್, ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್ ನಾಲ್ಕೂ ಒಂದಕ್ಕೊಂದು ಹೊಂದಬೇಕು. ಡ್ರಮ್ಮಿನ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಇರುವುದುಂಟು. ಅದೇ ವಾಲ್ವ್ ಇಟ್ಟು ಡಿಸ್ಕ್ ಹಾಕಿದರೆ ಪ್ಯಾಡ್ ಸದಾ ಉಜ್ಜುತ್ತಾ ಇರುತ್ತದೆ. ವಿಂಟೇಜ್ ರಿಜಿಸ್ಟ್ರೇಶನ್ ಮಾಡಿಸುವ ಯೋಚನೆ ಇದ್ದರೆ ಇನ್ನೂ ಎಚ್ಚರ: 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿ ಮೂಲ ರೂಪದಲ್ಲೇ ಇರಬೇಕು, ಹೊಸತಾಗಿ ಮಾಡಿಸಲಿಕ್ಕೆ ಶುಲ್ಕ 20,000. ಊರೊಳಗೆ ಓಡಿಸುವ ಹೆರಾಲ್ಡಿಗೆ ಡ್ರಮ್ ಧಾರಾಳ ಸಾಕು ಸಾರ್, ಇರುವುದನ್ನೇ ಸರಿಯಾಗಿ ಮಾಡಿಸಿ.

ಪ್ರಶ್ನೆ, ನೀರ್ಚಾಲಿನಿಂದ:

ಅಣ್ಣ, ಮನೆಯಲ್ಲಿ ಒಪ್ಪಿಗೆ ಸಿಕ್ಕಿತು. ಆ ಎರಡನೆಯವರಿಗೇ ಕೊಡುತ್ತೇನೆ. ಕೆಲಸ ಮುಗಿದ ಮೇಲೆ ನಾನು ಎಂತ ನೋಡಬೇಕು?

ಉತ್ತರ:

ತೆಗೆದ ಸಾಮಾನು ಎಲ್ಲ ಒಂದು ಚೀಲದಲ್ಲಿ ಹಾಕಿ ಕೊಡಲಿಕ್ಕೆ ಈಗಲೇ ಹೇಳಿ. ಮೂರು ಹಳೆ ಹೋಸ್ ಚೀಲದಲ್ಲಿ ಇಲ್ಲದಿದ್ದರೆ ಹಣ ಕೊಡಬೇಡಿ. ರಬ್ಬರ್ ಕಪ್ ತೊಳೆಯಲಿಕ್ಕೆ ಪೆಟ್ರೋಲ್, ಡೀಸೆಲ್ ಮುಟ್ಟಿಸಬಾರದು, ಗ್ರೀಸೂ ಬ್ರೇಕಿನ ಕೆಂಪು ಗ್ರೀಸೇ ಆಗಬೇಕು. ಇದನ್ನು ಮೊದಲೇ ಹೇಳುವುದರಲ್ಲಿ ಸಂಕೋಚ ಬೇಡ.

ಕಾರು ಕೈಗೆ ಬಂದ ಮೇಲೆ ನಿಂತಲ್ಲೇ ಪೆಡಲನ್ನು ಗಟ್ಟಿಯಾಗಿ ಒಂದು ನಿಮಿಷ ಒತ್ತಿ ಹಿಡಿಯಿರಿ. ನಿಧಾನಕ್ಕೆ ಇಳಿಯುತ್ತಾ ಹೋದರೆ ಮಾಸ್ಟರಿನ ಒಳಗಿನ ಕಪ್ ಕೂತಿಲ್ಲ ಅಂತ ಅರ್ಥ, ಅಲ್ಲಿಯೇ ವಾಪಸು ಕೊಡಿ. ಆಮೇಲೆ ಖಾಲಿ ರಸ್ತೆಯಲ್ಲಿ 50 ಕಿಲೋಮೀಟರ್ ವೇಗದಿಂದ ಮೆಲ್ಲ ಬ್ರೇಕ್ ಹಿಡಿದು ಇಳಿಸುವುದು, ಪುನಃ ಏರಿಸುವುದು, ಹೀಗೆ ಹತ್ತಾರು ಸಲ, ನಡುವೆ ತಣಿಯಲಿಕ್ಕೆ ಬಿಟ್ಟು. ಹೊಸ ಪ್ಯಾಡ್ ಡಿಸ್ಕಿಗೆ ಕೂರಲಿಕ್ಕೆ ಅಷ್ಟು ಬೇಕು. ತಲಪಾಡಿ ಹೈವೇಯಲ್ಲಿ ಈ ಪರೀಕ್ಷೆ ಬೇಡ, ಹಿಂದಿನಿಂದ ಬರುವ ಲಾರಿಯವನಿಗೆ ನಿಮ್ಮ ಪ್ಯಾಡಿನ ಸುದ್ದಿ ಗೊತ್ತಿರುವುದಿಲ್ಲ. ತಿರುಗಿ ಬಂದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಮುಂದಿನ ಎರಡು ಒಂದೇ ಸಮ ಬಿಸಿ ಇರಬೇಕು. ಒಂದು ಮಾತ್ರ ಹೆಚ್ಚು ಕಾದಿದ್ದರೆ ಆ ಬದಿ ಇನ್ನೂ ಹಿಡಿಯುತ್ತಿದೆ.

ಘಾಟಿಗೆ ಹೋಗುವಾಗ ಮೂರನೇ, ಎರಡನೇ ಗೇರಿನಲ್ಲಿ ಇಳಿಸಿ. ನಿಮ್ಮ ವರ್ಷದ ಗೇರ್‌ಬಾಕ್ಸಿಗೆ ಫಸ್ಟಿನಲ್ಲಿ ಸಿಂಕ್ರೊಮೆಶ್ (ಓಡುವಾಗ ಗೇರ್ ಸಲೀಸಾಗಿ ಬೀಳುವ ವ್ಯವಸ್ಥೆ) ಇಲ್ಲ, ಓಡುವಾಗ ಅದಕ್ಕೆ ಹಾಕಲಿಕ್ಕೆ ಹೋಗಬೇಡಿ. ಬಿಚ್ಚಿದ ದಿನ ಕ್ಯಾಲಿಪರ್ ಪಿಸ್ಟನಿನ ಫೋಟೊ ಇಲ್ಲಿ ಹಾಕಿ, ಕಿಟ್ ಸಾಕಾ ಪಿಸ್ಟನೂ ಬೇಕಾ ಅಂತ ಪಾರ್ಸೆಲಿಗೆ ಆರ್ಡರ್ ಕೊಡುವ ಮೊದಲೇ ಹೇಳುತ್ತೇನೆ.