ತರಗತಿಯ ತೊಟ್ಟಿಯಲ್ಲಿ ಟ್ರೌಟ್ ಮೊಟ್ಟೆ: ಮುಂಬಯಿಯ ಸೆಕೆಯಲ್ಲಿ ಸಾಧ್ಯವೇ?

ಪ್ರಶ್ನೆ: ಡೊಂಬಿವಲಿಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಏಳನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಅಮೆರಿಕದ ಶಾಲೆಗಳಲ್ಲಿ ಮಕ್ಕಳು ಟ್ರೌಟ್ ಮೀನಿನ ಮೊಟ್ಟೆಗಳನ್ನು ತರಗತಿಯ ಅಕ್ವೇರಿಯಂನಲ್ಲಿಟ್ಟು, ಮರಿ ಮಾಡಿ ಹೊಳೆಗೆ ಬಿಡುತ್ತಾರೆಂದು ತಿಳಿದಾಗಿನಿಂದ ನಮ್ಮ ಮಕ್ಕಳಿಗೂ ಅದನ್ನು ಕಣ್ಣಾರೆ ತೋರಿಸಬೇಕೆಂಬ ಆಸೆ ಹುಟ್ಟಿದೆ. ನೂರು ಲೀಟರಿನ ತೊಟ್ಟಿ, ಫಿಲ್ಟರ್, ಏರ್ ಪಂಪ್ ನಮ್ಮಲ್ಲಿವೆ. ಇಷ್ಟು ಸಾಕೇ?

ಉತ್ತರ 1: ಪುಣೆಯ ನಿವೃತ್ತ ಶಿಕ್ಷಕ

ಸಾಲದು, ಮೇಡಂ. ನೀರನ್ನು ತಣ್ಣಗಿಡುವ ಯಂತ್ರ, ಅಂದರೆ ಚಿಲ್ಲರ್, ಇಲ್ಲದೆ ಈ ಕೆಲಸಕ್ಕೆ ದಯವಿಟ್ಟು ಕೈಹಾಕಬೇಡಿ. ನೀಲಗಿರಿಯ ಅವಲಾಂಚಿಯಲ್ಲಿ 1907ರಲ್ಲಿ ಟ್ರೌಟ್ ಮರಿ ಕೇಂದ್ರ ಆರಂಭವಾದದ್ದು ಅಲ್ಲಿನ ತಣ್ಣನೆಯ ಹೊಳೆಗಳನ್ನು ನಂಬಿಯೇ. ಮೊಟ್ಟೆಗೆ ಸುಮಾರು 10 ಡಿಗ್ರಿಯ ನೀರು ಬೇಕು. ಆ ತಂಪಿನಲ್ಲಿ ಲೀಟರ್ ನೀರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಬಂದರೆ ಅದು ಏಳೂವರೆಗೆ ಇಳಿಯುತ್ತದೆ, ಏರ್ ಪಂಪ್ ಎಷ್ಟು ಗುಳ್ಳೆ ಎಬ್ಬಿಸಿದರೂ ಆ ಮಿತಿ ಹೆಚ್ಚುವುದಿಲ್ಲ.

ನಾನು ಒಮ್ಮೆ ಪ್ರಯತ್ನಿಸಿದ್ದೆ. ಮೊಟ್ಟೆಯೊಡೆದು ಬಂದ ಮರಿಗಳು ಹೊಟ್ಟೆಯಡಿ ಕಿತ್ತಳೆ ಬಣ್ಣದ ಭಂಡಾರದ (ಮೊಟ್ಟೆಯೊಳಗಿನ ಆಹಾರದ) ಚೀಲ ಹೊತ್ತು ಕಲ್ಲುಗಳ ಸಂದಿನಲ್ಲಿ ಮಲಗಿದ್ದವು. ಶನಿವಾರ ರಾತ್ರಿ ಕರೆಂಟು ಹೋಯಿತು; ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಥರ್ಮಾಮೀಟರು 24 ತೋರಿಸುತ್ತಿತ್ತು, ಒಂದು ಮರಿಯೂ ಉಳಿದಿರಲಿಲ್ಲ. ಮಕ್ಕಳಿಗೆ ಏನು ಹೇಳುವುದೆಂದು ತೋಚದೆ ನಿಂತಿದ್ದೆ. ಚಿಲ್ಲರ್ ಕೊಂಡರೂ ರಜಾದಿನಗಳಲ್ಲಿ ತೊಟ್ಟಿಯನ್ನು ನೋಡಿಕೊಳ್ಳುವವರು ಸಿಗುವರೇ ಎಂಬುದನ್ನು ಮೊದಲು ವಿಚಾರಿಸಿ.

ಉತ್ತರ 2: ಮಡಗಾಂವಿನ ಮೀನುಗಾರಿಕೆ ವಿದ್ಯಾರ್ಥಿ

ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಮುಂದೆಂದಾದರೂ ಟ್ರೌಟ್ ತರಿಸುವುದಾದರೆ ಒಳಗಿನ ಮರಿಗೆ ಕಣ್ಣು ಮೂಡಿದ ಮೊಟ್ಟೆಗಳನ್ನೇ ಕೇಳಿ. ಅದಕ್ಕೂ ಮುಂಚಿನವು ಪ್ರಯಾಣದ ಕುಲುಕಾಟವನ್ನು ತಾಳುವುದಿಲ್ಲ. ಬಿಳಿಚಿಕೊಂಡ ಮೊಟ್ಟೆಯನ್ನು ಅಂದೇ ತೆಗೆಯದಿದ್ದರೆ ಬೂಸ್ಟು ಪಕ್ಕದವಕ್ಕೂ ಹಬ್ಬುತ್ತದೆ. ಹೊರಗಿನ ತೇವಕ್ಕೆ ತಣ್ಣನೆಯ ಗಾಜು ಸದಾ ಬೆವರುವುದರಿಂದ ಮೂರು ಬದಿಗೆ ಥರ್ಮೋಕೋಲ್ ಹಚ್ಚಬೇಕು.

ಆದರೆ ನಿಮ್ಮ ಊರಿಗೆ ಹೊಂದುವ ಮೀನು ಜೀಬ್ರಾ ಡೇನಿಯೋ. ಇದು ನಮ್ಮ ದೇಶದ್ದೇ ಮೀನು, 28 ಡಿಗ್ರಿಯಲ್ಲಿ ಸುಖವಾಗಿರುತ್ತದೆ, ಮುಂಬಯಿಯ ಅಕ್ವೇರಿಯಂ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತದೆ. ತಳದಲ್ಲಿ ಗೋಲಿಗಳನ್ನು ಹಾಸಿ, ಗಂಡು ಹೆಣ್ಣುಗಳನ್ನು ರಾತ್ರಿ ಕತ್ತಲಲ್ಲಿ ಬಿಟ್ಟರೆ ಬೆಳಕಾಗುತ್ತಲೇ ಮೊಟ್ಟೆಯಿಡುತ್ತವೆ. ಗೋಲಿಗಳ ಸಂದಿಗೆ ಬಿದ್ದ ಮೊಟ್ಟೆಗಳು ತಾಯಿ ತಂದೆಯ ಬಾಯಿಗೆ ಸಿಕ್ಕದೆ ಉಳಿಯುತ್ತವೆ. ಮೊಟ್ಟೆ ಗಾಜಿನಷ್ಟು ತಿಳಿ. ಮರುದಿನವೇ ಸೂಕ್ಷ್ಮದರ್ಶಕದಡಿ ಹೃದಯ ಬಡಿಯುವುದು ಕಾಣುತ್ತದೆ, ಎರಡು ಮೂರು ದಿನಕ್ಕೆ ಮರಿ ಹೊರಬರುತ್ತದೆ. ಟ್ರೌಟಿಗಾದರೆ 10 ಡಿಗ್ರಿಯಲ್ಲಿ ಸುಮಾರು ಒಂದು ತಿಂಗಳು ಕಾಯಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಃಪೂರ್ವಕ ಧನ್ಯವಾದ. ಹಾಗಾದರೆ ಡೇನಿಯೋದಿಂದಲೇ ಆರಂಭಿಸುತ್ತೇನೆ. ಬೆಳೆದ ಮರಿಗಳನ್ನು ಇಲ್ಲಿನ ಉಲ್ಲಾಸ್ ನದಿಗೆ ಬಿಡಬಹುದೇ?

ಉತ್ತರ 3: ಮಡಗಾಂವಿನ ಮೀನುಗಾರಿಕೆ ವಿದ್ಯಾರ್ಥಿ

ಬೇಡ, ಮೇಡಂ. ಅಂಗಡಿಯ ಮೀನು ರೋಗವನ್ನು ಹೊತ್ತು ಹೋಗಬಹುದು. ಹೆಚ್ಚಾದ ಮರಿಗಳನ್ನು ಬೇರೆ ಶಾಲೆಯ ತೊಟ್ಟಿಗೆ ಕೊಡಿ.