ಪದಚರ್ಚೆ: ಎಂಜಿನ್ ಆಯಿಲ್ ‘ತಿನ್ನುವುದು’ ಬೋರ್ಡಿನಲ್ಲಿ ಬರೆಯಬಹುದೇ?

(ಹಾಸನದಿಂದ)
ಎಲ್ಲರಿಗೂ ನಮಸ್ಕಾರ. ಬಿ.ಎಂ. ರಸ್ತೆಯ ಒಂದು ಗ್ಯಾರೇಜಿಗೆ ಬೋರ್ಡು ಬರೆದುಕೊಡಬೇಕಾಗಿದೆ. ಹಳೇ ಕಾರುಗಳಲ್ಲಿ ಎಂಜಿನ್ ಆಯಿಲ್ ಬೇಗ ಬೇಗ ಖಾಲಿಯಾಗುತ್ತದಲ್ಲ, ಅದರ ಕಾರಣ ಹುಡುಕಿಕೊಡುತ್ತೇವೆ ಅನ್ನುವುದು ವಿಷಯ. ‘ಅಧಿಕ ತೈಲ ಬಳಕೆ ತಪಾಸಣೆ’ ಎಂದು ಬರೆದುಕೊಟ್ಟೆ. ಮೇಸ್ತ್ರಿ ಓದಿ, “ಸಾರ್, ಇದು ಮೈಲೇಜ್ ಬರ್ತಿಲ್ಲ ಅಂದಂಗಾಯ್ತು” ಅಂದರು. ಅವರೆಲ್ಲ ಹೇಳುವುದು ‘ಆಯಿಲ್ ತಿಂತೈತೆ’ ಅಂತ. ಇದು ಬೋರ್ಡಿಗೆ ಸಲ್ಲುತ್ತದೆಯೇ? ನಾಳೆ ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ದಯವಿಟ್ಟು ಬೇಗ ತಿಳಿಸಿ.

(ಚಿಕ್ಕಮಗಳೂರಿನಿಂದ)
ತೈಲವೂ ಬೇಡ, ಆಯಿಲ್ಲೂ ಬೇಡ. ಎಳ್ + ನೆಯ್ = ಎಣ್ಣೆ, ಬೆಳ್ + ನೆಯ್ = ಬೆಣ್ಣೆ. ಅಚ್ಚಗನ್ನಡದ ಪದ ಮನೆಯಲ್ಲೇ ಇದೆ. ‘ಕೀಲೆಣ್ಣೆ ಇಂಗುವಿಕೆ’ ಎಂದು ಬರೆಯಿರಿ. ಇದರಲ್ಲಿ ಚರ್ಚಿಸಲು ಏನೂ ಇಲ್ಲ.

(ಮೂಡಿಗೆರೆಯಿಂದ)
ಚರ್ಚಿಸಲು ಬಹಳ ಇದೆ. ‘ಇಂಗುವಿಕೆ’ ಸಲ್ಲದು. ನೆಲಕ್ಕೆ ಇಂಗಿದ ನೀರು ಒಳಗೇ ಇರುತ್ತದೆ, ತೋಡಿದರೆ ಬಾವಿಯಲ್ಲಿ ಸಿಗುತ್ತದೆ. ಇಲ್ಲಿ ಸುಟ್ಟು ಹೊಗೆಯಾಗಿ ಹೋಗಿರುತ್ತದೆ. ‘ಕುಡಿಯುವುದು’ ಅಂತಲೂ ಕೆಲವರು ಹೇಳುತ್ತಾರೆ, ಅದೂ ಬೇಡ. ಹಿಟ್ಟು ನೀರಾದರೆ ಬೋಂಡ ಎಣ್ಣೆ ಕುಡಿಯುತ್ತದೆ. ಕಾಗದದ ಮೇಲಿಟ್ಟು ಒತ್ತಿದರೆ ಕುಡಿದದ್ದೆಲ್ಲ ಈಚೆ ಬರುತ್ತದೆ. ತಿಂದದ್ದು ಹಾಗೆ ಬರುವುದಿಲ್ಲ. ಗೆದ್ದಲು ಮರ ತಿನ್ನುತ್ತದೆ, ತುಕ್ಕು ಕಬ್ಬಿಣ ತಿನ್ನುತ್ತದೆ. ಮೇಸ್ತ್ರಿಗಳ ಕ್ರಿಯಾಪದವೇ ಸರಿ.

ಎಣ್ಣೆಯ ಬೇರು ಎಳ್ಳು, ಒಪ್ಪಿದೆ. ತಿಲದಿಂದ ಬಂದ ತೈಲವೂ ಎಳ್ಳಿನದೇ. ಆಯಿಲ್‌ನ ಬೇರು ಗ್ರೀಕರ ಆಲಿವ್. ಮೂರೂ ಗಾಣದಿಂದ ಇಳಿದ ಪದಗಳು. ಇನ್ನು ನೋಡಬೇಕಾದದ್ದು ಬಳಕೆಯನ್ನು. ತೋಟದ ಜೀಪಿಗೆ ‘ಎಣ್ಣೆ ಹಾಕಿಸ್ಕೊಂಡು ಬಾ’ ಅಂದರೆ ಡ್ರೈವರ್ ಡೀಸೆಲ್ ಹಾಕಿಸಿಕೊಂಡು ಬರುತ್ತಾನೆ. ಪತ್ರಿಕೆಯಲ್ಲಿ ‘ತೈಲ ಬೆಲೆ’ ಅಂದರೆ ಪೆಟ್ರೋಲು, ಡೀಸೆಲ್. ಎಂಜಿನ್ ಒಳಗಿನದಕ್ಕೆ ಉಳಿದದ್ದು ‘ಆಯಿಲ್’ ಒಂದೇ.

ಕ್ರಿಯಾಪದಕ್ಕೆ ಇಷ್ಟು ಪಟ್ಟು ಹಿಡಿಯಲು ಕಾರಣವಿದೆ. ನನ್ನ ಹಳೇ ಪೆಟ್ರೋಲ್ ಕಾರಿನಲ್ಲಿ ಆಯಿಲ್ ಕಡಿಮೆಯಾಗತೊಡಗಿದಾಗ ನಾನು ಗ್ಯಾರೇಜಿನಲ್ಲಿ ‘ಸೋರ್ತಿದೆ’ ಅಂದೆ. ಅವರು ಕೆಳಗಿನ ಪ್ಯಾಕಿಂಗ್ ಬದಲಿಸಿ ಬಿಲ್ಲು ಕೊಟ್ಟರು. ಅಂಗಳದಲ್ಲಿ ಕಾರು ನಿಲ್ಲುವ ಜಾಗದಲ್ಲಿ ಮೊದಲೂ ಒಂದು ತೊಟ್ಟು ಬಿದ್ದಿರಲಿಲ್ಲ, ಆಮೇಲೂ ಬೀಳಲಿಲ್ಲ. ಕಡ್ಡಿ ಎಳೆದು ನೋಡಿದರೆ ಮಟ್ಟ ಮಾತ್ರ ಇಳಿಯುತ್ತಲೇ ಇತ್ತು. ಒಂದು ದಿನ ಚಾರ್ಮಾಡಿ ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಜಾರು ಇಳಿದು, ತಿರುವು ಕಳೆದು ಮತ್ತೆ ಒತ್ತಿದೆ. ಹಿಂದಿನ ಗಾಜಿನ ತುಂಬ ನೀಲಿ ಹೊಗೆ. ಬೇರೊಬ್ಬ ಮೇಸ್ತ್ರಿ ಇಷ್ಟು ಕೇಳಿಯೇ “ಸೋರ್ತಿಲ್ಲ, ತಿಂತಿದೆ. ವಾಲ್ ಸೀಲ್ ನೋಡ್ಬೇಕು” ಅಂದರು. ವಾಲ್ ಅಂದರೆ ವಾಲ್ವ್, ಅದರ ಕಡ್ಡಿಯ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆಯೇ ಸೀಲ್. ಇಳಿಜಾರಿನಲ್ಲಿ ಕಾಲು ತೆಗೆದಾಗ ಸಿಲಿಂಡರಿನ ಎಳೆತ ಜೋರಾಗಿ, ಗಟ್ಟಿಯಾದ ಸೀಲಿನ ಸಂದಿಯಿಂದ ಆಯಿಲ್ ಒಳಗಿಳಿಯುತ್ತದಂತೆ. ಏರು ಹತ್ತುವಾಗ ಒಂದೇ ಸಮನೆ ಹೊಗೆ ಬಂದರೆ ಅನುಮಾನ ಪಿಸ್ಟನ್ನಿನ ಸುತ್ತ ಇರುವ ರಿಂಗಿನ ಮೇಲೆ. ಆದರೂ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆದರು. ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದರು. ರಿಂಗ್ ಸವೆದಿದ್ದರೆ ಆ ಆಯಿಲ್ ಸಂದಿ ಮುಚ್ಚಿ ಒತ್ತಡ ಏರಬೇಕಿತ್ತು, ಏರಲಿಲ್ಲ. ಸೀಲ್ ಹಾಕಿಸಿದ ಮೇಲೆ ಹೊಗೆ ನಿಂತಿತು.

ಸೋರುವುದು, ಒಸರುವುದು, ತಿನ್ನುವುದು: ಮೂರೂ ಬೇರೆ ಬೇರೆ ಕಾಯಿಲೆ. ‘ಬಳಕೆ’ ಅಂದರೆ ಕಾಯಿಲೆಯೇ ಕಾಣುವುದಿಲ್ಲ.

(ಚಿಕ್ಕಮಗಳೂರಿನಿಂದ)
ಬಳಕೆ ಬಳಕೆ ಎಂದೇ ಕನ್ನಡವನ್ನು ಇಲ್ಲಿಗೆ ತಂದು ನಿಲ್ಲಿಸಿದ್ದೀರಿ. ಗಾಲಿ, ಅಚ್ಚು, ಕೀಲು, ನೊಗ ಎಲ್ಲ ನಮ್ಮವೇ ಇದ್ದವು. ಎತ್ತಿನಗಾಡಿಯ ಅಚ್ಚಿಗೆ ನಮ್ಮ ಅಜ್ಜ ಹಾಕುತ್ತಿದ್ದದ್ದು ಎಣ್ಣೆಯೇ ಹೊರತು ಆಯಿಲ್ ಅಲ್ಲ. ಒಂದೊಂದೇ ಪದ ಬಿಟ್ಟುಕೊಡುತ್ತಾ ಹೋದರೆ ಕೊನೆಗೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

(ಮೂಡಿಗೆರೆಯಿಂದ)
ಅಜ್ಜನ ಗಾಡಿಗೆ ಹೊಗೆ ಕೊಳವೆ ಇರಲಿಲ್ಲ. ಕಾರು, ಎಂಜಿನ್, ಬೋರ್ಡು ಮೂರನ್ನೂ ಒಳಗೆ ಬಿಟ್ಟುಕೊಂಡವರು ಆಯಿಲ್‌ಗೆ ಮಾತ್ರ ಬಾಗಿಲು ಹಾಕುವುದೇಕೆ? ನನಗೆ ಭಯವಿರುವುದು ‘ಆಯಿಲ್ ಕನ್ಸಂಪ್ಷನ್ ಆಗ್ತಿದೆ’ ಅನ್ನುವವರ ಬಗ್ಗೆ. ಅಲ್ಲಿ ‘ತಿನ್ನು’ ಸತ್ತು, ‘ಆಗು’ ಒಂದೇ ಎಲ್ಲ ಕೆಲಸ ಮಾಡುತ್ತಿದೆ. ಕಾಯುವುದಾದರೆ ಅದನ್ನು ಕಾಯೋಣ.

(ಹಾಸನದಿಂದ)
ಇಬ್ಬರಿಗೂ ವಂದನೆ. ಬೋರ್ಡು ಹೀಗಾಗಿದೆ: ‘ಎಂಜಿನ್ ಆಯಿಲ್ ತಿನ್ನುತ್ತಿದೆಯೇ? ಕಾರಣ ಪತ್ತೆ ಮಾಡಿ ಸರಿಪಡಿಸುತ್ತೇವೆ.’ ಕೆಳಗೆ ‘ರಿಂಗ್, ವಾಲ್ವ್ ಸೀಲ್ ಕೆಲಸ’ ಎಂದು ಬರೆದಿದ್ದೆ. ಮೇಸ್ತ್ರಿ ‘ವಾಲ್ವ್’ ಹೊಡೆದು ‘ವಾಲ್’ ಮಾಡಿದ್ದಾರೆ. ಹಾಗೇ ಬಿಡಲೇ? ಫ್ಲೆಕ್ಸ್ ಅಂಗಡಿ ಏಳಕ್ಕೆ ಮುಚ್ಚುತ್ತದೆ.